ಹೊಲಿದ ಹಡಗಿನ ಯಾನ

ಅಜಂತೆಯ ಭಿತ್ತಿಚಿತ್ರದಲ್ಲಿ ಐದನೆಯ ಶತಮಾನದಿಂದಲೂ ನಿಶ್ಚಲವಾಗಿ ನಿಂತಿದ್ದ ನೌಕೆಯೊಂದರ ಆಕೃತಿಯನ್ನು ಅನುಸರಿಸಿ, ಕೇರಳದ ಬಾಬು ಶಂಕರನ್ ಮತ್ತು ಅವರ ಸಂಗಡಿಗರು ಹಲಗೆಗೆ ಹಲಗೆಯನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು ನಿರ್ಮಿಸಿದ ‘ಕೌಂಡಿನ್ಯ’ವು, 2025ರ ಮೇ ತಿಂಗಳಲ್ಲಿ ನಮ್ಮ ಕಾರವಾರದಲ್ಲಿ ನೌಕಾದಳವನ್ನು ಸೇರಿ, ಡಿಸೆಂಬರ್ 29ರಂದು ಪೋರಬಂದರದಿಂದ ಮಸ್ಕತ್ತಿನತ್ತ ಹಾಯಿ ಬಿಚ್ಚಿತು.

ಯಂತ್ರವಿಲ್ಲ, ದಿಕ್ಕು ತಿದ್ದಲು ಹಿಂಬದಿಯ ಹುಟ್ಟುಗಳು, ಚೌಕಾಕಾರದ ಹಾಯಿಗಳನ್ನು ತುಂಬಿ ಪಶ್ಚಿಮಾಭಿಮುಖವಾಗಿ ನೂಕಲು ಚಳಿಗಾಲದ ಈಶಾನ್ಯ ಮಾರುತವೊಂದೇ ಆಧಾರ. ಆ ಗಾಳಿ ಮುನಿದು ನಿಂತಾಗ, ಅಲೆಗಳ ತೊನೆದಾಟಕ್ಕೆ ಮೈಯೊಡ್ಡಿ ಕಾಯುವುದಲ್ಲದೆ ನಾವಿಕನಿಗೆ ಅನ್ಯ ಮಾರ್ಗವಿಲ್ಲ. ಉಕ್ಕಿನ ಯುದ್ಧನೌಕೆಗಳ ಕಾಲದ ತರುಣರು ಇಂತಹ ಯಾನವನ್ನು ಕೂಡಿಕೊಂಡು, ಪೂರ್ವಿಕರ ಹಗ್ಗ-ಹಾಯಿಗಳ ವಿದ್ಯೆಯನ್ನು ತೆರೆದ ಕಡಲಿನಲ್ಲಿಯೇ ಅಭ್ಯಸಿಸಿದರೆಂಬುದು, ಆ ನೌಕೆಯ ರಚನೆಗಿಂತಲೂ ಮಿಗಿಲಾದ ವಿಸ್ಮಯವೆಂದು ನಾನು ಬಗೆದಿದ್ದೇನೆ. ಜನವರಿಯ ನಡುಭಾಗದಲ್ಲಿ ಅವರು ಮಸ್ಕತ್ತನ್ನು ಮುಟ್ಟಿದರು.