ಚಳಿಗಾಲದ ಬಿಸಿನೀರು: ಗ್ಯಾಸಿನ ಖರ್ಚು, ಗ್ಯಾಸಿನ ಎಚ್ಚರ



ಮುಂಬಯಿಯಲ್ಲಿ ಚಳಿಯೇ ಇಲ್ಲ ಎಂದು ಊರಿನವರು ನಮ್ಮನ್ನು ನೋಡಿ ನಗುವುದುಂಟು. ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. 1962ರ ಜನವರಿಯಲ್ಲಿ ಸಾಂತಾಕ್ರೂಜ್‌ನಲ್ಲಿ ಉಷ್ಣಾಂಶ 7.4 ಡಿಗ್ರಿಗೆ ಇಳಿದದ್ದು ದಾಖಲೆಯಲ್ಲಿದೆ. ಅಂಥ ಚಳಿ ಮತ್ತೆ ಬರಲಿಲ್ಲವಾದರೂ, ಡಿಸೆಂಬರ್ ಕೊನೆಯಿಂದ ಫೆಬ್ರವರಿಯ ತನಕ ಬೆಳಗ್ಗೆ ಐದು ಗಂಟೆಗೆ ಎದ್ದು ಲೋಕಲ್ ಹಿಡಿಯುವವರಿಗೆ ತಾರಸಿಯ ಟಾಂಕಿಯಿಂದ ಬರುವ ನೀರನ್ನು ಮುಟ್ಟಲು ಮನಸ್ಸಾಗುವುದಿಲ್ಲ. ಇಲ್ಲಿ ಯಾರೂ ಕೋಣೆ ಬೆಚ್ಚಗಿಡಲು ಗ್ಯಾಸ್ ಉರಿಸುವುದಿಲ್ಲ. ನಮ್ಮ ಚಳಿಗಾಲದ ಖರ್ಚೆಂದರೆ ಸ್ನಾನದ ಬಿಸಿನೀರು. ಇಂದು ಅದರ ಲೆಕ್ಕವನ್ನೂ, ಲೆಕ್ಕಕ್ಕಿಂತ ದೊಡ್ಡದಾದ ಒಂದು ಎಚ್ಚರದ ಮಾತನ್ನೂ ನಿಮ್ಮೊಡನೆ ಹಂಚಿಕೊಳ್ಳುತ್ತೇನೆ.

ಊರಿನಲ್ಲಿ ಈ ಲೆಕ್ಕವೇ ಇರಲಿಲ್ಲ. ಕರಾವಳಿಯ ಬಚ್ಚಲು ಮನೆಯಲ್ಲಿ ಹಂಡೆ, ಅದರ ಕೆಳಗೆ ಮಡಲು, ಕೊತ್ತಳಿಗೆ, ತೆಂಗಿನ ಸಿಪ್ಪೆ. ಉತ್ತರ ಕರ್ನಾಟಕದ ಮನೆಗಳಲ್ಲಿ ತಾಮ್ರದ ಬಂಬ. ಉರಿ ಹಿತ್ತಿಲಿನಿಂದ ಬರುತ್ತಿತ್ತು, ಬಿಲ್ ಬರುತ್ತಿರಲಿಲ್ಲ. ಮುಂಬಯಿಗೆ ಬಂದ ಮೇಲೆ ಚಾಳಿನಲ್ಲಿ ಇದ್ದಿಲ ಶೇಗಡಿ, ರೇಷನ್ನಿನ ಸೀಮೆಎಣ್ಣೆ, ಪಂಪ್ ಸ್ಟವ್. ಇದೇ ನಗರದಲ್ಲಿ 1955ರಲ್ಲಿ ಬರ್ಮಾ ಶೆಲ್ ಕಂಪನಿ ‘ಬರ್ಶೇನ್’ ಹೆಸರಿನಲ್ಲಿ ಅಡುಗೆ ಅನಿಲವನ್ನು ಮಾರಲು ಆರಂಭಿಸಿತು. 1995ರಲ್ಲಿ ಮಹಾನಗರ್ ಗ್ಯಾಸ್ ಸ್ಥಾಪನೆಯಾದ ನಂತರ ಪೈಪಿನ ಗ್ಯಾಸ್ ಒಂದೊಂದೇ ಉಪನಗರವನ್ನು ತಲುಪಿತು. ಅನುಕೂಲ ಹೆಚ್ಚಿತು. ಅದರೊಂದಿಗೆ ಮೀಟರೂ ಮನೆಯೊಳಗೆ ಬಂತು.

ಸಿಲಿಂಡರಿನ ಬೆಲೆ ಹೇಗೆ ಏರಿಳಿಯುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. 14.2 ಕಿಲೋ ಸಿಲಿಂಡರಿಗೆ ಮುಂಬಯಿಯಲ್ಲಿ 2023ರ ಆಗಸ್ಟ್ ತಿಂಗಳಲ್ಲಿ 1,102 ರೂಪಾಯಿ 50 ಪೈಸೆ ಇತ್ತು. ಆ ತಿಂಗಳ ಕೊನೆಗೆ 200 ರೂಪಾಯಿ, 2024ರ ಮಾರ್ಚ್‌ನಲ್ಲಿ ಇನ್ನೂ 100 ರೂಪಾಯಿ ಇಳಿಯಿತು. 2025ರ ಏಪ್ರಿಲ್‌ನಲ್ಲಿ 50 ರೂಪಾಯಿ ಏರಿ 852 ರೂಪಾಯಿ 50 ಪೈಸೆಗೆ ಬಂತು. ಬೆಲೆ ನಮ್ಮ ಕೈಯಲ್ಲಿಲ್ಲ, ಬಳಕೆ ಮಾತ್ರ ನಮ್ಮ ಕೈಯಲ್ಲಿದೆ.

ಈಗ ಒಂದು ಬಕೆಟ್ ನೀರಿನ ಲೆಕ್ಕ ಹಾಕೋಣ. ಬಕೆಟ್ ಇಪ್ಪತ್ತು ಲೀಟರಿನದು. ಟಾಂಕಿಯ ನೀರು 20 ಡಿಗ್ರಿ ಇದೆ, ಸ್ನಾನಕ್ಕೆ 40 ಡಿಗ್ರಿ ಬೇಕು ಎಂದಿಟ್ಟುಕೊಳ್ಳಿ. ಇದಕ್ಕೆ ಬೇಕಾದ ಶಾಖ 400 ಕಿಲೋ ಕ್ಯಾಲೊರಿ. ಒಂದು ಕಿಲೋ ಎಲ್‌ಪಿಜಿಯಲ್ಲಿ ಸುಮಾರು 11,000 ಕಿಲೋ ಕ್ಯಾಲೊರಿ ಇರುತ್ತದೆ. ಆದರೆ ಒಲೆಯ ಮೇಲೆ ಪಾತ್ರೆ ಇಟ್ಟು ಕಾಯಿಸುವಾಗ ಅರ್ಧಕ್ಕಿಂತ ತುಸು ಹೆಚ್ಚು ಶಾಖ ಮಾತ್ರ ನೀರಿಗೆ ಸೇರುತ್ತದೆ, ಉಳಿದದ್ದು ಅಡುಗೆಮನೆಯ ಗಾಳಿಗೆ. ಹಾಗಾಗಿ ಒಂದು ಬಕೆಟಿಗೆ 60ರಿಂದ 65 ಗ್ರಾಂ ಗ್ಯಾಸ್ ಬೇಕು. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ಕಾಲು ಕಿಲೋ, ತಿಂಗಳಿಗೆ ಏಳೂವರೆ ಕಿಲೋ. ಅಂದರೆ ಅರ್ಧ ಸಿಲಿಂಡರಿಗಿಂತ ಹೆಚ್ಚು ಬರೇ ಮೀಯುವುದಕ್ಕೆ! 852 ರೂಪಾಯಿಯ ಲೆಕ್ಕದಲ್ಲಿ ತಿಂಗಳಿಗೆ ಸುಮಾರು 450 ರೂಪಾಯಿ. ‘ಚಳಿಗಾಲದಲ್ಲಿ ಸಿಲಿಂಡರ್ ಇಷ್ಟು ಬೇಗ ಹೇಗೆ ಮುಗಿಯಿತು’ ಎಂದು ಕೇಳುವ ಯಜಮಾನರಿಗೆ ಉತ್ತರ ಇಲ್ಲಿದೆ.

ಇದನ್ನು ಕಡಿಮೆ ಮಾಡಲು ದೊಡ್ಡ ವಿದ್ಯೆ ಬೇಕಿಲ್ಲ. ಬಕೆಟಿನಲ್ಲಿ ಇಪ್ಪತ್ತರ ಬದಲು ಹದಿನೈದು ಲೀಟರ್ ನೀರು, ಬಿಸಿ 40ರ ಬದಲು 38 ಡಿಗ್ರಿ. ಇಷ್ಟಕ್ಕೇ ಮೂರರಲ್ಲೊಂದು ಪಾಲು ಗ್ಯಾಸ್ ಉಳಿಯುತ್ತದೆ. ನೀರನ್ನು ಕೊತಕೊತ ಕುದಿಸಿ ಆಮೇಲೆ ತಣ್ಣೀರು ಬೆರೆಸುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಕುದಿಯುವ ನೀರಿನಿಂದ ಆವಿಯಾಗಿ ಹೋಗುವುದೂ ನಮ್ಮ ದುಡ್ಡೇ. ಪಾತ್ರೆಯ ಮೇಲೆ ಮುಚ್ಚಳ ಇರಲಿ. ಉರಿ ತಳದಿಂದ ಹೊರಗೆ ಚಾಚದಿರಲಿ. ಉರಿ ನೀಲಿಯಾಗಿರಬೇಕು. ಹಳದಿಯಾಗಿ ಪಾತ್ರೆಯ ತಳಕ್ಕೆ ಮಸಿ ಹಿಡಿಯುತ್ತಿದ್ದರೆ ಬರ್ನರ್ ಶುಚಿ ಮಾಡುವ ಕಾಲ ಬಂದಿದೆ ಎಂದರ್ಥ.

ಮತ್ತೊಂದು ಸುಲಭದ ಉಪಾಯ. ತಾರಸಿಯ ಟಾಂಕಿಯ ನೀರು ಬೆಳಗಿನ ಜಾವ ಅತಿ ತಣ್ಣಗೆ, ಮಧ್ಯಾಹ್ನ ಬಿಸಿಲಿಗೆ ಉಗುರುಬೆಚ್ಚಗೆ. ಸಂಜೆಯೇ ನೀರು ಹಿಡಿದು ಮನೆಯೊಳಗೆ ಮುಚ್ಚಿಟ್ಟರೆ ಬೆಳಗ್ಗೆ ಅದು ನಳ್ಳಿಯ ನೀರಿಗಿಂತ ಕೆಲವು ಡಿಗ್ರಿ ಬೆಚ್ಚಗಿರುತ್ತದೆ. ಮನೆಯಲ್ಲೇ ಇರುವ ಹಿರಿಯರು ಮಧ್ಯಾಹ್ನದ ಹೊತ್ತಿಗೆ ಸ್ನಾನ ಮಾಡಿದರೆ ಗ್ಯಾಸೂ ಉಳಿತಾಯ, ಮೈಗೂ ಹಿತ.

ಬಿಸಿನೀರಿನ ಜೊತೆಗೆ ಗ್ಯಾಸ್ ತಿನ್ನುವ ಇನ್ನೊಂದು ಪದಾರ್ಥ ನಮ್ಮ ಕರಾವಳಿಯವರ ಮನೆಯಲ್ಲಿದೆ, ಅದು ಕುಚ್ಚಲಕ್ಕಿ. ಗಂಟೆಗಟ್ಟಲೆ ಒಲೆಯ ಮೇಲೆ ಕುದಿಸುವ ಬದಲು ರಾತ್ರಿಯೇ ತೊಳೆದು ನೆನೆಹಾಕಿ. ಬೆಳಗ್ಗೆ ಚೆನ್ನಾಗಿ ಕುದಿ ಬಂದ ಮೇಲೆ ಪಾತ್ರೆಯನ್ನು ಥರ್ಮಲ್ ಕುಕ್ಕರಿನಲ್ಲಿಟ್ಟು ಮುಚ್ಚಿದರೆ ಅನ್ನ ತನ್ನ ಬಿಸಿಯಲ್ಲೇ ಬೇಯುತ್ತದೆ. ಕಡಲೆ, ಹೆಸರು, ಅಲಸಂಡೆಗೂ ನೆನೆಹಾಕುವುದೇ ಮೊದಲ ಉಳಿತಾಯ.

ಇನ್ನು ಗ್ಯಾಸೋ ಕರೆಂಟೋ ಎಂಬ ಪ್ರಶ್ನೆ. ದಾದರ್, ಮಾಟುಂಗಾ ಕಡೆಯವರಿಗೆ ಬೆಸ್ಟ್, ಉಪನಗರದವರಿಗೆ ಅದಾನಿ ಅಥವಾ ಟಾಟಾ, ಮುಲುಂಡ್, ಠಾಣೆ, ಡೊಂಬಿವಲಿಯವರಿಗೆ ಮಹಾವಿತರಣ. ದರ ಒಂದೊಂದು ಕಡೆ ಒಂದೊಂದು. ಆದ್ದರಿಂದ ನೆರೆಯವರ ಮಾತು ಕೇಳುವ ಬದಲು ನಿಮ್ಮ ಬಿಲ್ ತೆಗೆದು ನೋಡಿ. ಒಲೆಯ ಮೇಲೆ ಒಂದು ಕಿಲೋ ಎಲ್‌ಪಿಜಿ ಮಾಡುವ ಕೆಲಸವನ್ನು ಗೀಸರಿನಲ್ಲಿ ಏಳೆಂಟು ಯುನಿಟ್ ಕರೆಂಟ್ ಮಾಡುತ್ತದೆ. ಪೈಪಿನ ಗ್ಯಾಸಾದರೆ ಒಂದು ಘನಮೀಟರಿಗೆ ಸುಮಾರು ಆರು ಯುನಿಟ್. ನಿಮ್ಮ ಒಂದು ಯುನಿಟ್ಟಿನ ದರವನ್ನು ಆರರಿಂದ ಗುಣಿಸಿ. ಅದು ಘನಮೀಟರ್ ಗ್ಯಾಸಿನ ದರಕ್ಕಿಂತ ಹೆಚ್ಚಾದರೆ ಗ್ಯಾಸ್ ಅಗ್ಗ, ಕಡಿಮೆಯಾದರೆ ಕರೆಂಟ್ ಅಗ್ಗ. ಕರೆಂಟಿನ ದರ 100, 300, 500 ಯುನಿಟ್ ದಾಟಿದಂತೆ ಏರುತ್ತದೆ ಎಂಬುದನ್ನೂ ನೆನಪಿಡಿ. ದಾಟಿದ ಯುನಿಟ್‌ಗಳಿಗೆ ಮಾತ್ರ ಹೆಚ್ಚಿನ ದರ. ನಾಲ್ಕು ಜನರ ಸ್ನಾನಕ್ಕೆ ತಿಂಗಳಿಗೆ ಅರುವತ್ತು ಯುನಿಟ್ಟಿನಷ್ಟು ಬೇಕು, ಅದು ನಿಮ್ಮನ್ನು ಯಾವ ಮೆಟ್ಟಿಲಿಗೆ ಹತ್ತಿಸುತ್ತದೆ ಎಂದು ನೋಡಿಕೊಳ್ಳಿ. ಹದಿನೈದು ಲೀಟರಿನ ಕರೆಂಟ್ ಗೀಸರಿಗೆ ಹದಿನೈದಿಪ್ಪತ್ತು ನಿಮಿಷ ಸಾಕು. ರಾತ್ರಿಯಿಡೀ ಹಚ್ಚಿಡುವುದು ವ್ಯರ್ಥ. ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸುವುದು ಜಾಣತನ.

ಹೊಸ ಕಟ್ಟಡಕ್ಕೆ ಹೋಗುವವರು ತಾರಸಿಯ ಮೇಲೆ ಸೋಲಾರ್ ಇದೆಯೇ, ಇದ್ದರೆ ನಿಮ್ಮ ಮಾಳಿಗೆಯ ತನಕ ಬಿಸಿನೀರಿನ ಪೈಪ್ ಬಂದಿದೆಯೇ ಎಂದು ಮೊದಲೇ ವಿಚಾರಿಸಿ. ಬೆಂಗಳೂರಿನ ತಾರಸಿಗಳಲ್ಲಿ ಅದು ಮಾಮೂಲು. ನಮ್ಮಲ್ಲೂ ಸೊಸೈಟಿಯ ಸಭೆಯಲ್ಲಿ ಕೇಳುವವರು ಬೇಕು.

ಈಗ ಆ ಎಚ್ಚರದ ಮಾತು. ಕೆಲವು ವರ್ಷಗಳ ಹಿಂದೆ ನಾವೂ ಖರ್ಚು ಉಳಿಸಲೆಂದು ಗ್ಯಾಸ್ ಗೀಸರ್ ಹಾಕಿಸಿದೆವು. ಜೋಡಿಸಲು ಬಂದ ಹುಡುಗ ಬಚ್ಚಲಿನೊಳಗೇ ಗೋಡೆಗೆ ಮೊಳೆ ಹೊಡೆದು ಅರ್ಧ ಗಂಟೆಯಲ್ಲಿ ಹೋದ. ಹೊಗೆ ಹೊರಹೋಗುವ ಕೊಳವೆ ಎಲ್ಲಿ ಎಂದು ಅವನೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಜನವರಿಯ ಚಳಿ. ನಮ್ಮ ಅತ್ತೆಗೆ ಗಾಳಿ ತಾಗಬಾರದೆಂದು ನಾನೇ ಬಚ್ಚಲಿನ ಕಿಟಕಿಗೆ ರಟ್ಟು ಇಟ್ಟು ಮುಚ್ಚಿದ್ದೆ. ನೀರು ಬೇಗ ಆರುವುದಿಲ್ಲ, ಗ್ಯಾಸೂ ಉಳಿಯುತ್ತದೆ ಎಂಬ ಲೆಕ್ಕಾಚಾರ ಬೇರೆ. ಒಂದು ದಿನ ಮಗಳು ತಲೆಸ್ನಾನಕ್ಕೆ ಹೋದವಳು ಹೊರಗೆ ಬರಲಿಲ್ಲ. ಕರೆದರೆ ಉತ್ತರವಿಲ್ಲ. ‘ನೀರಿನ ಶಬ್ದ ಒಂದೇ ಸಮ ಕೇಳ್ತಾ ಉಂಟು, ತಂಬಿಗೆಯ ಶಬ್ದ ಇಲ್ಲ, ಬಾಗಿಲು ಒಡೆಯಿರಿ’ ಎಂದವರು ಅತ್ತೆಯೇ. ಬಾಗಿಲು ದೂಡಿದಾಗ ಮಗಳು ನೆಲದ ಮೇಲೆ ಬಿದ್ದಿದ್ದಳು. ಹೊರಗೆ ಎಳೆದು ತಂದು ಆಸ್ಪತ್ರೆಗೆ ಸೇರಿಸಿದೆವು. ಬದುಕಿಕೊಂಡಳು. ಇನ್ನು ಹತ್ತು ನಿಮಿಷ ತಡವಾಗಿದ್ದರೆ ನಾನು ಇಂದು ಈ ಮೈಕಿನ ಮುಂದೆ ಕೂರುತ್ತಿರಲಿಲ್ಲ.

ಎಲ್ಲರೂ ನಮ್ಮಷ್ಟು ಅದೃಷ್ಟವಂತರಲ್ಲ. 2020ರ ಜನವರಿಯಲ್ಲಿ ಬೋರಿವಲಿಯಲ್ಲಿ ಹದಿಹರೆಯದ ಬಾಲಕಿಯೊಬ್ಬಳು ಇದೇ ರೀತಿ ಗ್ಯಾಸ್ ಗೀಸರಿನಿಂದಾಗಿ ತೀರಿಕೊಂಡಳು.

ಕಾರಣ ಏನು? ಗ್ಯಾಸ್ ಉರಿಯಲು ಆಮ್ಲಜನಕ ಬೇಕು. ಸಣ್ಣ ಬಚ್ಚಲಿನಲ್ಲಿ ಅದು ಬೇಗ ಕಡಿಮೆಯಾಗುತ್ತದೆ. ಆಗ ಉರಿ ಪೂರ್ಣವಾಗದೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸಿಲಿಂಡರ್ ಸೋರಿದರೆ ಮೂಗಿಗೆ ತಿಳಿಯುತ್ತದೆ, ಏಕೆಂದರೆ ಅದಕ್ಕೆ ಬೇಕೆಂದೇ ವಾಸನೆ ಸೇರಿಸಿರುತ್ತಾರೆ. ಇದು ತಿಳಿಯುವುದೇ ಇಲ್ಲ. ರಕ್ತದಲ್ಲಿ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ನಂತರ ಕೈಕಾಲಿನ ಬಲ ಹೋಗುತ್ತದೆ. ಚಿಲಕ ತೆಗೆಯಬೇಕೆಂದು ತೋರಿದರೂ ತೆಗೆಯಲಾಗುವುದಿಲ್ಲ.

ಹಾಗಾಗಿ ಕೆಲವು ಮಾತು ನೆನಪಿಡಿ. ಗ್ಯಾಸ್ ಗೀಸರ್ ಬಚ್ಚಲಿನ ಹೊರಗೆ, ಗಾಳಿಯಾಡುವ ಜಾಗದಲ್ಲಿರಲಿ, ನೀರಿನ ಪೈಪ್ ಮಾತ್ರ ಒಳಗೆ ಬರಲಿ. ಹೊಗೆಯ ಕೊಳವೆ ಕಟ್ಟಡದ ಹೊರಗೆ ತೆರೆದಿರಲಿ. ಒಳಗಿರುವ ಗೀಸರನ್ನು ಹೊರಗೆ ಹಾಕಿಸುವ ತನಕ ಬಾಗಿಲು, ಕಿಟಕಿ ತೆರೆದಿಟ್ಟು ಬಕೆಟ್ ತುಂಬಿಸಿಕೊಳ್ಳಿ, ಗೀಸರ್ ಆರಿಸಿ, ಸ್ವಲ್ಪ ಹೊತ್ತು ಗಾಳಿಯಾಡಲು ಬಿಟ್ಟು ನಂತರ ಸ್ನಾನಕ್ಕೆ ಹೋಗಿ. ಚಳಿಯೆಂದು ಕಿಟಕಿಗೆ ರಟ್ಟು, ಬಟ್ಟೆ ತುರುಕಬೇಡಿ. ವರ್ಷಕ್ಕೊಮ್ಮೆ ತಿಳಿದವರಿಂದ ಗೀಸರ್ ಪರೀಕ್ಷೆ ಮಾಡಿಸಿ. ಮಕ್ಕಳು, ಹಿರಿಯರು ಸ್ನಾನಕ್ಕೆ ಹೋದಾಗ ಹೊರಗಿನಿಂದ ಒಮ್ಮೆ ಮಾತಾಡಿಸಿ.

ಯಾರಾದರೂ ಕುಸಿದರೆ ಬಾಗಿಲು ಕಿಟಕಿ ತೆರೆದು, ಗ್ಯಾಸ್ ಆರಿಸಿ, ಅವರನ್ನು ತಕ್ಷಣ ಹೊರಗಿನ ಗಾಳಿಗೆ ತನ್ನಿ. ಆಂಬ್ಯುಲೆನ್ಸಿಗೆ 108 ಕರೆ ಮಾಡಿ. ವೈದ್ಯರಿಗೆ ‘ಗ್ಯಾಸ್ ಗೀಸರ್ ಉರಿಯುತ್ತಿತ್ತು’ ಎಂದು ಮೊದಲೇ ತಿಳಿಸಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಈ ವಿಷದಲ್ಲಿ ಎಲ್ಲ ಸರಿಯಿದೆ ಎಂಬಂಥ ಅಂಕಿ ತೋರಿಸಬಹುದು, ಅದನ್ನು ನಂಬಿ ಕೂರಬೇಡಿ. ಸಿಲಿಂಡರ್ ಸೋರುತ್ತಿದ್ದರೆ ರೆಗ್ಯುಲೇಟರ್ ಮುಚ್ಚಿ, ಸ್ವಿಚ್ ಮುಟ್ಟದೆ, ಹೊರಗೆ ಹೋಗಿ 1906ಕ್ಕೆ ಫೋನ್ ಮಾಡಿ.

ಮಗಳು ಈಗ ಚೆನ್ನಾಗಿದ್ದಾಳೆ. ನಮ್ಮ ಗೀಸರ್ ಹೊರಗಿನ ಬಾಲ್ಕನಿಗೆ ಹೋಗಿದೆ. ಪೈಪಿಗೂ ಕೂಲಿಗೂ ತಗಲಿದ ಖರ್ಚು ನೋಡಿದರೆ ಹಿಂದಿನ ಚಳಿಗಾಲಗಳಲ್ಲಿ ನಾವು ಉಳಿಸಿದ್ದೆಲ್ಲ ಅದಕ್ಕೇ ಹೋಯಿತು. ಹೋಗಲಿ. ಅತ್ತೆ ಮಾತ್ರ ಇಂದಿಗೂ ಬಚ್ಚಲಿನ ಬಾಗಿಲ ಬಳಿ ಸ್ಟೂಲು ಹಾಕಿ ಕೂತು, ಒಳಗೆ ಯಾರೇ ಇರಲಿ, ‘ಮಗಾ, ಮಿಂದು ಆಯ್ತಾ?’ ಎಂದು ಕೇಳುತ್ತಲೇ ಇರುತ್ತಾರೆ. ಮೊದಲು ನಮಗೆ ಕಿರಿಕಿರಿ ಆಗುತ್ತಿತ್ತು. ಈಗ ಒಳಗಿನಿಂದ ಎಲ್ಲರೂ ತಪ್ಪದೆ ‘ಹೂಂ’ ಎನ್ನುತ್ತೇವೆ.

ನಾಳೆ ಬೆಳಗ್ಗೆ ನೀರು ಕಾಯಿಸುವ ಮೊದಲು ನಿಮ್ಮ ಬಚ್ಚಲಿನ ಕಿಟಕಿಯತ್ತ ಒಮ್ಮೆ ನೋಡಿ. ಅದು ತೆರೆದಿರಲಿ.