ವಸ್ತುಸಂಗ್ರಹಾಲಯವೂ ನಮ್ಮ ಪ್ರೌಢಶಾಲೆಯ ಮಕ್ಕಳೂ
(ಸಂಘದ ಕೂಟವೊಂದರಲ್ಲಿ ಮಾಡಿದ ಭಾಷಣ)



ನಾನು ವಿದ್ವಾಂಸನಲ್ಲ, ಬಿ.ಕಾಂ. ಮುಗಿಸಿ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತವನು. ಮಕ್ಕಳ ವಿದ್ಯೆಯ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿರುವುದರಿಂದ ಈ ಧೈರ್ಯ.

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ನಮ್ಮ ಮನೆಗಳಲ್ಲಿ ಒಂದು ರೂಢಿ ಬಿದ್ದುಹೋಗಿದೆ. ಮಗು ಮೂರನೆಯ ನಾಲ್ಕನೆಯ ಇಯತ್ತೆಯಲ್ಲಿರುವಾಗ ರಾಣಿಬಾಗಿಗೋ ಮ್ಯೂಸಿಯಮ್ಮಿಗೋ ಕರೆದೊಯ್ಯುತ್ತೇವೆ. ಪೆಂಗ್ವಿನ್ ನೋಡಿತು, ಐಸ್‌ಕ್ರೀಮ್ ತಿಂದಿತು, ಅಲ್ಲಿಗೆ ಮುಗಿಯಿತು. ಒಂಬತ್ತನೆಯದಕ್ಕೆ ಬಂತೋ, ಇನ್ನು ಕ್ಲಾಸು, ಟ್ಯೂಶನ್ನು, ಹಳೆಯ ಪ್ರಶ್ನೆಪತ್ರಿಕೆ. “ಮ್ಯೂಸಿಯಮ್ಮು ಚಿಕ್ಕ ಮಕ್ಕಳಿಗೆ” ಎನ್ನುತ್ತೇವೆ. ನನ್ನ ಮಟ್ಟಿಗೆ ಇದು ತಲೆಕೆಳಗಾದ ಲೆಕ್ಕ. ಹತ್ತನೆಯದು ಮುಗಿದೊಡನೆ ಸಾಯನ್ಸೋ ಕಾಮರ್ಸೋ ಆರ್ಟ್ಸೋ ಎಂದು ನಿರ್ಧರಿಸಬೇಕಾದವರು ಆ ಮಕ್ಕಳೇ. ತಮ್ಮ ಕೈಗೆ ಯಾವ ಕೆಲಸ ಒಲಿಯುತ್ತದೆಂಬುದನ್ನು ಅವರು ಎಲ್ಲಿ ತಿಳಿಯಬೇಕು? ಅಂಕಪಟ್ಟಿಯಲ್ಲಿ ಅದು ಕಾಣದು.

ವರ್ಲಿಯ ನೆಹರೂ ವಿಜ್ಞಾನ ಕೇಂದ್ರವನ್ನು ನೋಡಿ. 1977ರಲ್ಲಿ ಬೆಳಕು ಮತ್ತು ದೃಷ್ಟಿಯ ಒಂದು ಪ್ರದರ್ಶನದಿಂದ ಆರಂಭವಾಗಿ, 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಬಯಲಿನ ವಿಜ್ಞಾನ ಉದ್ಯಾನವನ್ನು ಕಟ್ಟಿಕೊಂಡು, 1985ರ ನವೆಂಬರ್ 11ರಂದು ಪೂರ್ಣರೂಪದಲ್ಲಿ ತೆರೆಯಿತು. ಬೇರೆಡೆ “ಮುಟ್ಟಬೇಡಿ” ಎಂಬ ಫಲಕವಿದ್ದರೆ ಇಲ್ಲಿ ಮುಟ್ಟಬೇಕು, ತಿರುಗಿಸಬೇಕು, ಎಳೆಯಬೇಕು.

ಗಡಗಡೆಯನ್ನೇ ತೆಗೆದುಕೊಳ್ಳಿ. ಭಾವಿಯ ಮೇಲಿನಂತೆ ಒಂದೇ ಗಡಗಡೆಯಿದ್ದರೆ ಹತ್ತು ಕಿಲೋ ಎತ್ತಲು ಹತ್ತು ಕಿಲೋದ ಬಲವೇ ಬೇಕು. ಹಗ್ಗದ ನಾಲ್ಕು ಎಳೆಗಳು ಭಾರವನ್ನು ಹಂಚಿಕೊಳ್ಳುವಂತೆ ಗಡಗಡೆಗಳನ್ನು ಹೂಡಿದರೆ, ಘರ್ಷಣೆಯ ಮಾತು ಬಿಟ್ಟು, ಎರಡೂವರೆ ಕಿಲೋದ ಬಲ ಸಾಕು. ಆದರೆ ಭಾರ ಒಂದು ಅಡಿ ಏರಬೇಕಾದರೆ ಹಗ್ಗವನ್ನು ನಾಲ್ಕು ಅಡಿ ಎಳೆಯಬೇಕು. ಜಮಾ-ಖರ್ಚಿನ ನಾವು ಇದನ್ನು ಕೂಡಲೇ ಒಪ್ಪುತ್ತೇವೆ: ಈ ಕಡೆ ಉಳಿಸಿದ್ದು ಆ ಕಡೆ ಖರ್ಚು ಬಿತ್ತು! ಪುಸ್ತಕದಲ್ಲಿ ಬಾಯಿಪಾಠವಾದ ಸೂತ್ರ ಹಗ್ಗ ಹಿಡಿದ ಅಂಗೈಗೆ ತಿಳಿಯುವುದೇ ಬೇರೆ.

ಇದಕ್ಕಿಂತ ದೊಡ್ಡದೆಂದರೆ ಅಲ್ಲಿಯ ಇನ್ನೊವೇಶನ್ ಹಬ್. ಇಂಥ ಹಬ್ಬುಗಳಲ್ಲಿ “ತೋಡ್ ಫೋಡ್ ಜೋಡ್” ಎಂಬ ಮೂಲೆಯೊಂದಿರುತ್ತದೆ. ಯಂತ್ರಗಳನ್ನು ಬಿಚ್ಚುವುದು, ಒಳಗೇನಿದೆಯೆಂದು ನೋಡುವುದು, ತಿರುಗಿ ಜೋಡಿಸುವುದು. ಮನೆಯಲ್ಲಿ ಮಿಕ್ಸರು ಬಿಚ್ಚಿದರೆ ನಾವು ಗದರಿಸುತ್ತೇವೆ. ಅಲ್ಲಿ ಅದೇ ಪಾಠ. ಬಿಚ್ಚಿದ್ದನ್ನು ಜೋಡಿಸಲಾರದ ಹುಡುಗನಿಗೂ ಅಲ್ಲಿ ಸೊನ್ನೆ ಹಾಕುವವರಿಲ್ಲ.

ಊರಿಗೆ ಹೋಗುವಾಗ ಬೆಂಗಳೂರಿನಲ್ಲಿ ಒಂದು ದಿನ ಇಳಿದರೆ ಕಸ್ತೂರಬಾ ರಸ್ತೆಯಲ್ಲಿ ವಿಶ್ವೇಶ್ವರಯ್ಯ ಔದ್ಯೋಗಿಕ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವಿದೆ, 1965ರಲ್ಲಿ ತೆರೆದದ್ದು. ಆ ಮಹನೀಯರೂ ನಮ್ಮಂತೆಯೇ ಈ ಪ್ರಾಂತಕ್ಕೆ ಬಂದವರು. 1884ರಲ್ಲಿ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು.

ನನ್ನ ವೃತ್ತಿಯ ಮಾತನ್ನೂ ಸ್ವಲ್ಪ ಆಡಲೇ? ರಿಜರ್ವ್ ಬ್ಯಾಂಕು 2004ರಲ್ಲಿ ಕೋಟೆ ವಿಭಾಗದಲ್ಲಿ ಹಣದ ವಸ್ತುಸಂಗ್ರಹಾಲಯವನ್ನು ತೆರೆಯಿತು. ಅಲ್ಲಿಗೆ ಹೋಗುವ ಮುಂಚೆ ಮಕ್ಕಳ ಕೈಗೆ ಒಂದು ನೂರರ ನೋಟನ್ನೂ ಒಂದು ಐನೂರರ ನೋಟನ್ನೂ ಕೊಟ್ಟು ಕಣ್ಣು ಮುಚ್ಚಿಸಿ. ಹೊಸ ಮಾಲಿಕೆಯ ನೂರರ ಅಂಚಿನಲ್ಲಿ ನಾಲ್ಕು ಓರೆಗೆರೆ, ಐನೂರರಲ್ಲಿ ಐದು, ಬೆರಳಿಗೆ ತಗಲುವಂತೆ ಉಬ್ಬಿಸಿರುತ್ತಾರೆ, ಕಣ್ಣಿಲ್ಲದವರಿಗಾಗಿ. ಕಣ್ಣು ತೆರೆಸಿ ಹಿಂಬದಿಯ ಭಾಷೆಗಳ ಪಟ್ಟಿಯನ್ನು ಓದಿಸಿ. ಮೇಲಿನಿಂದ ನಾಲ್ಕನೆಯದು ನಮ್ಮ ಕನ್ನಡ. ಇಂಗ್ಲಿಷ್ ಶಾಲೆಯ ಎಷ್ಟು ಮಕ್ಕಳು ಆ ಸಾಲನ್ನು ಓದಿಯಾರು?

ಇಲ್ಲಿಯೇ ನಮ್ಮ ಸಂಘದ ಕೆಲಸವಿದೆಯೆಂದು ನನಗೆ ತೋರುತ್ತದೆ. ನಮ್ಮ ಮಕ್ಕಳ ಕನ್ನಡ ಊಟ, ಸ್ನಾನ, ಬೈಗುಳಕ್ಕೆ ಸಾಲುತ್ತದೆ, ವಿಚಾರಕ್ಕೆ ಸಾಲದು. “ಪುಲ್ಲಿ” ಎಂದು ಕಲಿತವನು ಮನೆಗೆ ಬಂದು ಅಜ್ಜಿಗೆ ವಿವರಿಸಲಿ. “ಅದು ನಮ್ಮ ಗಡಗಡೆಯಲ್ಲವೇನೋ!” ಎಂದು ಒಬ್ಬ ಅಜ್ಜಿ ಹೇಳಿಯಾಳು, “ರಾಟೆ” ಎಂದು ಕರಾವಳಿಯ ಇನ್ನೊಬ್ಬ ಅಜ್ಜಿ. ಜಗಳವಾದರೂ ಲಾಭವೇ.

ಎರಡನೆಯ ಮತ್ತು ನಾಲ್ಕನೆಯ ಶನಿವಾರ ಬ್ಯಾಂಕಿಗೆ ರಜ. ಎಂಟರಿಂದ ಹತ್ತನೆಯವರೆಗಿನ ಇಪ್ಪತ್ತು ಮಕ್ಕಳನ್ನು ಕರೆದೊಯ್ಯಲು ನಾನು ಸಿದ್ಧನಿದ್ದೇನೆ. ದಾದರಿನಲ್ಲಿ ಗಾಡಿ ಬದಲಿಸಿ ಮಹಾಲಕ್ಷ್ಮಿಯಲ್ಲಿ ಇಳಿದರಾಯಿತು. ಜೊತೆಗೆ ಇಬ್ಬರು ಹಿರಿಯರು ಬರಬೇಕು. ಹೆಸರುಗಳನ್ನು ಕಾರ್ಯದರ್ಶಿಗಳಲ್ಲಿ ಬರೆಸಬೇಕೆಂದು ವಿನಂತಿ.