ಕಟ್ಟಡಕ್ಕೂ ಕಲ್ಪನೆಗೂ ಕಾವಲು: ವಕೀಲಿ ವೃತ್ತಿಯ ಎರಡು ದಾರಿಗಳು



ವಕೀಲರು ಎಂದೊಡನೆ ನಮಗೆ ನೆನಪಾಗುವುದು ಕರಿಕೋಟು, ಕಟಕಟೆ ಮತ್ತು ಜಮೀನಿನ ವ್ಯಾಜ್ಯ. ಮಂಡ್ಯ, ಮದ್ದೂರು, ಮಳವಳ್ಳಿಗಳ ನ್ಯಾಯಾಲಯಗಳ ಮುಂದೆ ಪಹಣಿ ಹಿಡಿದು ನಿಂತ ರೈತರನ್ನು ನೀವು ಕಂಡಿರುತ್ತೀರಿ. ಆದರೆ ಈ ವೃತ್ತಿಯಲ್ಲಿ ಹೆಚ್ಚು ಮಂದಿ ತುಳಿಯದ ಎರಡು ದಾರಿಗಳಿವೆ. ಒಂದು, ನಿರ್ಮಾಣ ಕಾಮಗಾರಿಗಳ ಕಾನೂನು. ಇನ್ನೊಂದು, ಬೌದ್ಧಿಕ ಆಸ್ತಿಯ ಕಾನೂನು. ಮೊದಲನೆಯದು ಕೈಯಿಂದ ಕಟ್ಟಿದ್ದನ್ನು ಕಾಯುತ್ತದೆ. ಎರಡನೆಯದು ಬುದ್ಧಿಯಿಂದ ಕಟ್ಟಿದ್ದನ್ನು.

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದ ವಿದ್ಯುದಾಗಾರವನ್ನೇ ನೋಡಿ. 1902ರಲ್ಲಿ ಇಲ್ಲಿಂದ ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಯಂತ್ರಗಳು ಅಮೆರಿಕ, ಸ್ವಿಟ್ಜರ್ಲೆಂಡ್‌ಗಳಿಂದ ಬಂದವು. ಇಂಥ ಕಾಮಗಾರಿಯಲ್ಲಿ ಯಂತ್ರ ಯಾವ ದಿನ ತಲುಪಬೇಕು? ದಾರಿಯಲ್ಲಿ ಒಡೆದರೆ ನಷ್ಟ ಯಾರದು? ಕೆಲಸ ತಡವಾದರೆ ಪರಿಹಾರವೆಷ್ಟು? ಇವಕ್ಕೆಲ್ಲ ಕರಾರು ಪತ್ರದಲ್ಲಿ ಉತ್ತರವಿರಬೇಕು. ಆ ಪತ್ರವನ್ನು ಬರೆಯುವುದು, ಜಗಳ ಬಂದಾಗ ಅದರ ಅರ್ಥ ಬಿಡಿಸುವುದು ವಕೀಲರ ಕೆಲಸ.

ದೊಡ್ಡ ಯೋಜನೆಗಳಿಗಷ್ಟೇ ಈ ಮಾತಲ್ಲ. ಹಳ್ಳಿಯ ಮೇಸ್ತ್ರಿಯೊಬ್ಬ ಬಾಯಿಮಾತಿನ ಮೇಲೆ ಮನೆ ಕಟ್ಟುತ್ತಾನೆ. ನಡುವೆ ಮಾಲೀಕರು ಇನ್ನೊಂದು ಕೋಣೆ ಸೇರಿಸುತ್ತಾರೆ. ಕೊನೆಗೆ ಲೆಕ್ಕ ಹೊಂದುವುದಿಲ್ಲ; ಕೂಲಿಯವರ ಬಟವಾಡೆ ನಿಂತುಹೋಗುತ್ತದೆ. 1872ರ ಕರಾರು ಕಾಯಿದೆಯ ಪ್ರಕಾರ ಬಾಯಿಮಾತಿಗೂ ಬೆಲೆಯುಂಟು, ಆದರೆ ಅದನ್ನು ರುಜುವಾತುಪಡಿಸುವುದು ಕಷ್ಟ. ಇಂಥ ಬಾಕಿಗೆ ದಾವಾ ಹೂಡಲು ಸಾಮಾನ್ಯವಾಗಿ ಮೂರು ವರ್ಷಗಳ ಗಡುವಿದೆ. ನ್ಯಾಯಾಲಯದ ಹೊರಗೆ ತೀರ್ಮಾನ ಬಯಸುವವರಿಗೆ 1996ರ ಮಧ್ಯಸ್ಥಿಕೆ ಕಾಯಿದೆ ಇದೆ.

ಇನ್ನು ಬೌದ್ಧಿಕ ಆಸ್ತಿ. ರೈಲು ಮದ್ದೂರಿಗೆ ಬಂದೊಡನೆ ವಡೆಯ ಪರಿಮಳ ಬರುತ್ತದೆ. 'ಮದ್ದೂರು ವಡೆ' ಎಂಬುದು ಊರಿನ ಹೆಸರು, ತಿಂಡಿಯ ಹೆಸರು. ಇಂಥ ಸಾಮಾನ್ಯ ಹೆಸರನ್ನು ಯಾರೋ ಒಬ್ಬರು ತಮ್ಮದೇ ಎಂದು ಕಟ್ಟಿಹಾಕಿಕೊಳ್ಳಲು ವ್ಯಾಪಾರ ಚಿಹ್ನೆಯ ಕಾನೂನು ಸುಲಭವಾಗಿ ಒಪ್ಪುವುದಿಲ್ಲ. ಆದರೆ ಒಬ್ಬ ಹೋಟೆಲಿನವರು ತಮ್ಮ ಅಂಗಡಿಯ ವಿಶಿಷ್ಟ ಹೆಸರು, ಗುರುತುಗಳನ್ನು ನೋಂದಾಯಿಸಬಹುದು. ಅದು ಹತ್ತು ವರ್ಷಕ್ಕೊಮ್ಮೆ ನವೀಕರಣವಾಗುತ್ತದೆ.

ಹೊಲದಲ್ಲೂ ಬೌದ್ಧಿಕ ಆಸ್ತಿಯಿದೆ. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ರೈತ ಸೈಯದ್ ಘನಿ ಖಾನ್ ಅವರು ನೂರಾರು ದೇಸಿ ಭತ್ತದ ತಳಿಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ಇಂಥ ರೈತರಿಗಾಗಿಯೇ 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ ಬಂದಿತು. ರೈತರು ತಾವು ಬೆಳೆಸಿದ ತಳಿಯನ್ನು ತಮ್ಮ ಹೆಸರಿನಲ್ಲಿ ನೋಂದಾಯಿಸಬಹುದು. ಬಿತ್ತನೆ ಬೀಜವನ್ನು ಉಳಿಸಿಕೊಳ್ಳಬಹುದು, ಬದಲಾಯಿಸಿಕೊಳ್ಳಬಹುದು, ಮಾರಲೂಬಹುದು. ಸಂರಕ್ಷಿತ ತಳಿಯನ್ನು ಬ್ರಾಂಡ್ ಹಾಕಿ ಮಾರುವಂತಿಲ್ಲ, ಅಷ್ಟೇ. ಹಕ್ಕು ಪುಸ್ತಕದಲ್ಲಿದ್ದರೆ ಸಾಲದು, ಅರ್ಜಿ ಬರೆದುಕೊಡುವವರು ಊರಿನಲ್ಲಿರಬೇಕು.

ಈ ಎರಡು ದಾರಿಗಳು ಕೂಡುವ ಜಾಗವೂ ಒಂದಿದೆ. 1957ರ ಕೃತಿಸ್ವಾಮ್ಯ ಕಾಯಿದೆ ಕಟ್ಟಡದ ಕಲಾತ್ಮಕ ವಿನ್ಯಾಸವನ್ನು ರಕ್ಷಿಸುತ್ತದೆ, ಕಟ್ಟುವ ವಿಧಾನವನ್ನಲ್ಲ. ವಿಧಾನ ನಿಜಕ್ಕೂ ಹೊಸದಾಗಿದ್ದರೆ ಅದಕ್ಕೆ ಪೇಟೆಂಟ್ ಕೇಳಬೇಕು. ಪೇಟೆಂಟ್ ಅವಧಿ 20 ವರ್ಷ. ಅರ್ಜಿ ಹಾಕುವ ಮೊದಲೇ ಊರಿಗೆಲ್ಲ ಹೇಳಿಬಿಟ್ಟರೆ ಹಕ್ಕು ಕೈತಪ್ಪಬಹುದು.

ಈ ವೃತ್ತಿಗೆ ಬರಲು ಪಿ.ಯು.ಸಿ. ನಂತರ ಐದು ವರ್ಷ, ಇಲ್ಲವೇ ಪದವಿಯ ನಂತರ ಮೂರು ವರ್ಷ ಕಾನೂನು ಓದಬೇಕು. ಬಳಿಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ, ಅಖಿಲ ಭಾರತ ವಕೀಲರ ಪರೀಕ್ಷೆ. ಪೇಟೆಂಟ್ ಏಜೆಂಟರ ಪರೀಕ್ಷೆಗಂತೂ ವಿಜ್ಞಾನ ಅಥವಾ ಇಂಜಿನಿಯರಿಂಗ್ ಪದವಿಯೇ ಬೇಕು. ಆದ್ದರಿಂದ ಮಂಡ್ಯದಲ್ಲಿ ಇಂಜಿನಿಯರಿಂಗ್, ಕೃಷಿ ವಿಜ್ಞಾನ ಓದುವವರಿಗೂ ಈ ಬಾಗಿಲು ತೆರೆದಿದೆ. ನಕ್ಷೆ ಓದಬಲ್ಲವರು, ಪೈರಿನ ತಳಿ ಗುರುತಿಸಬಲ್ಲವರು ಇಲ್ಲಿ ಒಳ್ಳೆಯ ವಕೀಲರಾಗಬಲ್ಲರು.

ಆರಂಭದ ವರ್ಷಗಳಲ್ಲಿ ಸಂಪಾದನೆ ಕಡಿಮೆ, ಓದು ಹೆಚ್ಚು. ತಾಳ್ಮೆ ಬೇಕು. ಆದರೆ ಮೇಸ್ತ್ರಿಗೆ ಅವನ ಕೂಲಿಯೂ, ರೈತನಿಗೆ ಅವನ ತಳಿಯ ಹೆಸರೂ ದೊರಕುವಂತೆ ಮಾಡುವುದು ಸಣ್ಣ ಕೆಲಸವೇನಲ್ಲ. ನಿಮ್ಮಲ್ಲಿ ಕೆಲವರಾದರೂ ಈ ದಾರಿಯ ಬಗ್ಗೆ ಯೋಚಿಸಿ.